ಕಾಕಾ ನುಂಗುವ ಗುಳಿಗೆ

ಒಂದು ಮಂಗಳವಾರ ಬೆಳಿಗ್ಗೆ ಅಪ್ಪ ನೀರಿನ ಪಾಳಿ ತಪ್ಪಿಸಿದ.

ಶಹಾಪುರದ ಕಡೆ ಕಾಲುವೆ ಗೇಟಿನ ಕೆಲಸ ಮಾಡಿ ನಿವೃತ್ತನಾದವನು ಅವನು. ಆಮೇಲೂ ನಮ್ಮೂರ ತೂಬಿನ ನೀರು ಇವತ್ತು ಯಾರ ಹೊಲಕ್ಕೆ ಎಂದು ಜನ ಅವನನ್ನೇ ಕೇಳುತ್ತಿದ್ದರು. ಪಾಳಿ ಬರೆದಿಟ್ಟ ಚೀಟಿ ಇರಲಿಲ್ಲ. ಅವನ ಬಾಯಿಮಾತೇ ಪಾಳಿ. ಆ ದಿನ, ಸೋಮವಾರವೇ ನೀರು ಹಾಯಿಸಿಕೊಂಡವನಿಗೆ ಮತ್ತೆ ಬಿಟ್ಟ. ಪಾಳಿಗೆ ಕಾದಿದ್ದ ಪಕ್ಕದ ಹೊಲದ ಮಲ್ಲಮ್ಮ ಬೈಯಲಿಲ್ಲ. "ಯಾಕ್ರಿ ಮುತ್ಯಾ, ಆರಾಮ ಇಲ್ಲೇನ್ರಿ?" ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

ತಿಂಗಳೊಳಗೆ ಅವನು ಮಾತಿನ ನಡುವೆ ನಿಲ್ಲತೊಡಗಿದ. ಅಂಗಿಯ ಗುಂಡಿ ಹಾಕಲು ತಡಕಾಡಿದ. ಅವನ ತಮ್ಮ, ನನ್ನ ಕಾಕಾ, ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣಗ ಅರಳು ಮರಳು ಆಗ್ಯಾದ. ಇನ್ನ ಪಾಳಿ ನನ್ನ ಕೇಳ್ರಿ." ಜನ ನಕ್ಕರು. ಅಲ್ಲೇ ಕೂತಿದ್ದ ಅಪ್ಪನೂ ನಕ್ಕ.

ಆ ನಗುವನ್ನು ನಾನು ಕ್ಷಮಿಸಿಲ್ಲ.

ಯಾದಗಿರಿಯ ಆಸ್ಪತ್ರೆಯಲ್ಲಿ ನೋಡಿದಾಗ ಅಪ್ಪನ ಬಿಪಿ ನೂರಾ ತೊಂಬತ್ತು ದಾಟಿತ್ತು. ಡಾಕ್ಟರು ಸ್ಕ್ಯಾನ್ ತೋರಿಸಿದರು. ಮಿದುಳಿನ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಒತ್ತಡ ತಾಳಿ ಹಾಳಾಗಿದ್ದವು.

"ಬಿಪಿ ಗುಳಿಗಿ ಯಾವಾಗ ಬಿಟ್ರಿ?"

ಅಪ್ಪ ಗೋಡೆ ನೋಡಿದ. ನಾಲ್ಕು ವರ್ಷವಾಯಿತು ಎಂದು ನಾನು ಹೇಳಿದೆ. ಬಿಡಿಸಿದವನು ಕಾಕಾ. ನಮ್ಮ ಕಟ್ಟೆಯ ಮೇಲೆ ಕೂತು, "ಬಿಡೋ ಅಣ್ಣಾ, ಗುಳಿಗಿ ಚಟ ಆಗ್ತದ. ತಲಿ ನೋಯ್ತದೇನು? ಇಲ್ಲಲ್ಲ" ಎಂದಿದ್ದ. ತಲೆ ನೋಯುತ್ತಿರಲಿಲ್ಲ, ನಿಜ. ನಾನೂ ಸುಮ್ಮನಿದ್ದೆ. ಅದೂ ದಾಖಲಾಗಬೇಕು.

ಜೊತೆಗೆ ಬಂದಿದ್ದ ಕಾಕಾ ಬಾಗಿಲ ಬಳಿ ನಿಂತಿದ್ದ.

"ಕಾಕಾ, ನಿಂದೂ ಬಿಪಿ ನೋಡಸು."

"ನನಗೇನಾಗ್ಯಾದವ್ವ?"

"ಅಪ್ಪಗೂ ಏನೂ ಆಗಿದ್ದಿಲ್ಲ."

ನರ್ಸ್ ಅವನ ತೋಳಿಗೆ ಬಿಪಿ ಪಟ್ಟಿ ಕಟ್ಟಿದಳು. ಅಪ್ಪನಷ್ಟೇ ಇತ್ತು. ನನಗೆ ಸಂತೋಷವಾಯಿತು. ನಾಚಿಕೆಯಾಗಲಿಲ್ಲ.

ಅವನಿಗೂ ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಆ ಗುಳಿಗೆಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. "ಇವು ನಮ್ಮ ಮನ್ಯಾಗ ಇರ್ತಾವ. ದಿನಾ ಮುಂಜಾನಿ ಬಂದು ಅಪ್ಪನ ಮುಂದ ನುಂಗು. ಇಲ್ಲಾಂದ್ರ ನಿನ್ನ ಬಿಪಿ ಎಷ್ಟಂತ ಹೋಟೆಲ್‌ನ್ಯಾಗ ನಾನೇ ಹೇಳ್ತೀನಿ. ಆಮ್ಯಾಲ ಪಾಳಿ ಯಾರ್ನ ಕೇಳ್ತಾರ ನೋಡು."

ಕಾಕಾ ಬರುತ್ತಿದ್ದಾನೆ. ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಅಪ್ಪನ ಬಿಪಿ ಹತೋಟಿಯಲ್ಲಿದೆ. ಹೋದದ್ದು ಮರಳಿ ಬರಲಿಕ್ಕಿಲ್ಲ, ಉಳಿದದ್ದು ಉಳಿಯಬಹುದು ಎನ್ನುತ್ತಾರೆ ಡಾಕ್ಟರು. ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಅಷ್ಟಕ್ಕೆ ಋಣಿಯಾಗಿದ್ದೇನೆ. ಯಾರ ಪಾಳಿ ಯಾವ ದಿನ ಎಂಬುದು ಮಾತ್ರ ಅವನ ತಲೆಗೆ ಮರಳಲಿಲ್ಲ.

ಒಂದು ಮಾತು ಅಳಿಯದೆ ಉಳಿದಿದೆ. ತನ್ನ ಗುಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸುಮ್ಮನೆ ನುಂಗುವ ಅಪ್ಪ, ಕಾಕಾ ಬಾಯಿ ತೆರೆದೊಡನೆ ಕಳಕಳಿಯಿಂದ ಅವನ ಕೈ ಹಿಡಿಯುತ್ತಾನೆ.

"ಬಿಡೋ ತಮ್ಮಾ, ಗುಳಿಗಿ ಚಟ ಆಗ್ತದ."

ದಿನವೂ ಇದೇ ಮಾತು. ಕಾಕಾ ನನ್ನ ಮುಖ ನೋಡುತ್ತಾನೆ. ನಾನು ಅಪ್ಪನನ್ನು ತಿದ್ದುವುದಿಲ್ಲ. ನೀರಿನ ಲೋಟವನ್ನು ಕಾಕಾನ ಮುಂದೆ ಸರಿಸುತ್ತೇನೆ.