ದ್ವಾರಪಾಲಕನ ತಲೆ

ಹಂಪಿ ಹತ್ತಿರದ ಸಣ್ಣ ಮ್ಯೂಸಿಯಮ್ಮಿನ ಕಾವಲುಗಾರರು ತಲೆಯಿಲ್ಲದ ದ್ವಾರಪಾಲಕನ ಪಕ್ಕವೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ವಿಗ್ರಹದ ಮುಂದೆ ಯಾರೇ ನಿಂತರೂ ಮೀಸೆ ತೀಡುತ್ತಾ, "ಯಾವೂರ್ರಿ ನಿಮ್ದು?" ಎನ್ನುವರು. ಊರು ಹೇಳಿದ ಕೂಡಲೇ ದನಿ ತಗ್ಗಿಸಿ, "ಇವನ ತಲಿ ನಿಮ್ಮೂರಾಗೇ ಐತ್ರಿ, ಹುಡುಕ್ರಿ" ಎನ್ನುವರು. ಕಂಪ್ಲಿಯವರಿಗೂ ಅದೇ, ಸಂಡೂರಿನವರಿಗೂ ಅದೇ. ಹೊಸಪೇಟೆಯ ನಮ್ಮ ಹಿತ್ತಲನ್ನು ನಾನೂ ಒಮ್ಮೆ ಕೆದಕಿದ್ದುಂಟು.

ಒಂದು ದಿನ ನಾನಿದ್ದಾಗಲೇ ಪಾಪಿನಾಯಕನಹಳ್ಳಿಯ ರೈತನೊಬ್ಬ ಟವೆಲ್ಲಿನಲ್ಲಿ ಸುತ್ತಿದ ಕಲ್ಲಿನ ತಲೆ ಹೊತ್ತು ತಂದ.

"ನೀವು ಹೇಳಿದ್ದು ಖರೇ ಆತ್ರಿ ಯಣ್ಣಾ! ನಮ್ಮ ಹೊಲದಾಗೇ ಸಿಕ್ತು."

ಇಟ್ಟು ನೋಡಿದರೆ ಕುತ್ತಿಗೆಗೆ ಸರಿಯಾಗಿ ಕೂತಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಕಾವಲುಗಾರರ ಮುಖ ಮಾತ್ರ ಸಪ್ಪಗಾಯಿತು.

ಮರುವಾರ ಹೋದಾಗ ಸ್ಟೂಲು ಕೈಮುರಿದ ದೇವಿಯ ಪಕ್ಕದಲ್ಲಿತ್ತು. ಮೀಸೆ ತೀಡುತ್ತಾ ಯಾರನ್ನೋ ಕೇಳುತ್ತಿದ್ದರು: "ಯಾವೂರ್ರಿ ನಿಮ್ದು?"