ಫೋಟೋದಲ್ಲಿ ಇಲ್ಲದ ಆಚೆಮನೆ ಅಕ್ಕ

ಆಚೆಮನೆ ಅಕ್ಕನ ಸೀರೆ ಎಡಸೊಂಟದ ಬಳಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಕೊಡಪಾನ ಕೂತು ಕೂತು ಅಲ್ಲಿ ಬಣ್ಣವೂ ಮಾಸಿತ್ತು. ಬರಿಗೈಯಲ್ಲಿ ಬರುವಾಗಲೂ ಅವರು ಒಂದು ಪಕ್ಕಕ್ಕೆ ವಾಲಿಯೇ ನಡೆಯುತ್ತಿದ್ದರು.

ಅವರ ಮನೆ ಸಮುದ್ರದ ನೀರು ಏರಿಬರುವ ಹೊಳೆಯ ಅಂಚಿನಲ್ಲಿತ್ತು. ಬೇಸಿಗೆ ಏರುತ್ತಿದ್ದಂತೆ ಅವರ ಬಾವಿಯ ನೀರು ಉಪ್ಪಾಗುತ್ತಿತ್ತು. ನಮ್ಮದು ಸ್ವಲ್ಪ ಎತ್ತರದ ಜಾಗ, ಕಡುಬೇಸಿಗೆಯಲ್ಲೂ ಸಿಹಿನೀರು. ಅವರ ಅತ್ತೆಯ ಕಾಲದಿಂದಲೂ ಆ ಮನೆಯವರು ಕುಡಿಯುವ ನೀರನ್ನು ನಮ್ಮ ಬಾವಿಯಿಂದಲೇ ಒಯ್ಯುತ್ತಿದ್ದರು. ಅಂಥದ್ದಕ್ಕೆಲ್ಲ ನಮ್ಮ ಕಡೆ ಯಾರೂ ಕಾಗದ ಮಾಡಿಸುವುದಿಲ್ಲ. ಆದರೂ ಹಗ್ಗಕ್ಕೆ ಕೈ ಹಾಕುವ ಮುಂಚೆ ಅಕ್ಕ ದಿನವೂ ಕೂಗುತ್ತಿದ್ದರು, “ಹ್ವಾಯ್, ನೀರ್ ತಕಣ್ಲಾ?”

“ದಿನಾ ಎಂತ ಕೇಂತ್ರಿ ಮಾರಾಯ್ರೆ, ತಕಣಿ!” ಎಂದು ನನ್ನ ಹೆಂಡತಿ ಒಳಗಿಂದ ಗದರುತ್ತಿದ್ದಳು.

“ಬಾಮಿ ನಿಮ್ದಲ್ದಾ? ಕೇಳ್ದೆ ತಕಂಡ್ ನೀರ್ ಗಂಟ್ಲಗ್ ಇಳಿತಿಲ್ಲೆ.”

ನಾನು ಬೈಂದೂರು ಬಸ್ಸಿನ ಕಂಡಕ್ಟರ್ ಆಗಿದ್ದವನು. ಹೆಂಡತಿ ಹಾಸಿಗೆ ಹಿಡಿದಾಗ ನನಗೆ ಒಲೆಯೂ ಗೊತ್ತಿರಲಿಲ್ಲ, ಆರೈಕೆಯೂ ಗೊತ್ತಿರಲಿಲ್ಲ. ಅಕ್ಕನೇ ಬಂದು ಅವಳಿಗೆ ಮೀಯಿಸಿ ತಲೆ ಬಾಚುತ್ತಿದ್ದರು. “ಕಂಡಕ್ಟ್ರೆ, ಸೀಟಿ ಊದುದ್ ಬಿಟ್ರೆ ನಿಮ್ಗ್ ಎಂತ ಬತ್ತ್? ಗಂಜಿ ಉಕ್ಕುದ್ ಕಾಣಿ!” ಎಂದು ನನ್ನನ್ನು ಬೈದು, ಮಲಗಿದ್ದವಳನ್ನು ನಗಿಸುತ್ತಿದ್ದರು. ಅವಳು ಹೋಗುವವರೆಗೂ ಹಾಗೇ ನಡೆಯಿತು.

ಆಮೇಲೆ ನನ್ನ ಮಂಡಿ ಕೈಕೊಟ್ಟಿತು. ಬ್ರಹ್ಮಾವರದಲ್ಲಿ ಮಗಳ ಮನೆಯ ಹತ್ತಿರ ಇರುವುದೆಂದು ಮನೆ ಮಾರಲು ಹೊರಟೆ. ಮಗಳು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಇಂಟರ್ನೆಟ್ಟಿಗೆ ಹಾಕಿದಳು. ಕತ್ತಲೆ ಕೋಣೆ, ಮೈ ಒರೆಸಿ ನೇತುಹಾಕಿದ ಬೈರಾಸು. ಒಬ್ಬರೂ ಫೋನ್ ಮಾಡಲಿಲ್ಲ. ಒಳ್ಳೆಯ ಫೋಟೋ ಇಲ್ಲದೆ ಮನೆ ಹೋಗುವುದಿಲ್ಲ ಎಂದು ಕುಂದಾಪುರದಿಂದ ಮದುವೆ ಫೋಟೋ ತೆಗೆಯುವವನನ್ನು ಕರೆಸಿದೆವು.

ಅವನು ಬರುವ ಹಿಂದಿನ ದಿನ ಅಕ್ಕ ಕೇಳಿದರು, “ಫಟ ಎಂತಕ್ಕೆ?”

“ಹೀಂಗೇ, ನೆನಪಿಗೆ,” ಎಂದೆ. ಮನೆ ಮಾರುತ್ತಿದ್ದೇನೆ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅಕ್ಕ ತೆಂಗಿನ ಸಿಪ್ಪೆ ಹಿಡಿದು ಬಾವಿಕಟ್ಟೆಯ ಪಾಚಿ ಉಜ್ಜುತ್ತಿದ್ದರು. ಬಿದ್ದ ಎಲೆ ಗುಡಿಸಿ, ರಂಗೋಲಿ ಹಾಕಿ, ಮನೆಗೆ ಹೋಗಿ ಮದುವೆಮನೆಗೆ ಉಡುವ ಸೀರೆ ಉಟ್ಟುಕೊಂಡು ಬಂದರು. ಕೊಡಪಾನವನ್ನೂ ಹುಣಸೆಹುಳಿ ಹಾಕಿ ಬೆಳಗಿದ್ದರು.

ಫೋಟೋದವನು ಬಿಸಿಲು ಓರೆಯಾಗಿ ಬೀಳುವವರೆಗೆ ಕಾದ. ಕಿಟಕಿಯ ಗಾಜು ಒರೆಸಿಸಿದ, ಕ್ಯಾಲೆಂಡರ್ ತೆಗೆಸಿದ. ಬಾವಿಯ ಹತ್ತಿರ ಬಂದು, “ಅಕ್ಕಾ, ಒಂಚೂರ್ ಆಚಿ ನಿಲ್ಲಿ. ಆ ಕೊಡಪಾನನೂ ತಕಣಿ,” ಎಂದ.

“ನಾ ನಿಲ್ಲುದ್ ಬ್ಯಾಡ್ದಾ?” ಅಕ್ಕ ನನ್ನ ಮುಖ ನೋಡಿದರು.

ನಾನು ಬಾವಿಯೊಳಗೆ ನೋಡಿದೆ. ಅಕ್ಕ ನಕ್ಕುಬಿಟ್ಟರು. “ಅದೂ ಹೌದೆ. ಬಾಮಿ ಚೆಂದ ಇತ್ತ್, ಮುದ್ಕಿ ಎಂತಕ್?” ಎಂದು ಕೊಡಪಾನ ಎತ್ತಿಕೊಂಡು ಪಾಗಾರದ ಗೋಡೆಯ ಹಿಂದೆ ಸರಿದರು.

ಮನೆಯನ್ನು ಮಾರಿಕೊಟ್ಟದ್ದು ಆ ಬಾವಿಯ ಫೋಟೋವೇ. ಶಿವಮೊಗ್ಗ ಕಡೆಯವರೊಬ್ಬರು ರಜೆಗೆ ಬಂದು ಉಳಿಯಲು ಮನೆ ಹುಡುಕುತ್ತಿದ್ದರು. ಅವರು ಫೋನಿನಲ್ಲಿ ಕೇಳಿದ್ದು ಒಂದೇ: “ಬಾವಿಗೆ ಬೇರೆಯವರು ಯಾರೂ ಬರೋದಿಲ್ಲ ತಾನೆ?”

“ಇಲ್ಲ,” ಎಂದೆ.

ಒಬ್ಬರು ಅಕ್ಕ ಬರುತ್ತಾರೆ, ಅವರಿಗೆ ನೀರು ಬಿಡಿ ಎಂದಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಕೊಂಡವರು ಪಾಗಾರ ಎತ್ತರಿಸಿ, ಗೇಟು ಹಾಕಿ, ಬೀಗ ಜಡಿದರು. ಅವರ ತಪ್ಪೇನಿಲ್ಲ. ಅವರು ಕೊಂಡದ್ದು ಫೋಟೋದಲ್ಲಿ ಕಂಡ ಬಾವಿಯನ್ನು.

ಮುಂದಿನ ಬೇಸಿಗೆಯಲ್ಲಿ ಕುಂಭಾಶಿ ದೇವಸ್ಥಾನದಲ್ಲಿ ಅಕ್ಕ ಸಿಕ್ಕಿದರು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವರೇ ಕರೆದರು, “ಹ್ವಾಯ್ ಕಂಡಕ್ಟ್ರೆ! ಫಟ ಲಾಯ್ಕ್ ಬಂದಿತ್ತಂಬ್ರಲೆ?” ಟ್ಯಾಂಕರ್ ಬಂದ ದಿನ ಮಗ ಕ್ಯಾನಿನಲ್ಲಿ ನೀರು ತರುತ್ತಾನಂತೆ. ಅವರ ಸೀರೆಯ ಎಡಸೊಂಟ ಒಣಗಿತ್ತು.

ಈ ವರ್ಷ ಅವರ ಮಗ ಫೋನ್ ಮಾಡಿ ತಾಯಿಯ ಸ್ಥಿತಿ ಹೇಳಿದ. “ಅಬ್ಬಿ ಇನ್ನ್ ತಡುದಿಲ್ಲ. ನಿಮ್ ಬಾಮಿ ನೀರ್ ಬೇಕ್ ಅಂತ್ರ್.”

ನಾನು ಮೊದಲು ಹೋದದ್ದು ಹಳೆಯ ಮನೆಗೆ. ಗೇಟಿಗೆ ಬೀಗವಿತ್ತು. ಕೊಂಡವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪಾಗಾರ ಹತ್ತಲು ನನ್ನ ಮಂಡಿಗೆ ಆಗುವ ಹಾಗಿರಲಿಲ್ಲ. ಸರಳುಗಳ ನಡುವೆ ಬಾವಿ ಕಾಣುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಕೂಗಿದೆ, “ಹ್ವಾಯ್, ನೀರ್ ತಕಣ್ಲಾ?”

ಅಕ್ಕನ ಬಾಯಿಗೆ ನಾನು ಬಿಟ್ಟದ್ದು ಹೆದ್ದಾರಿಯ ಅಂಗಡಿಯಲ್ಲಿ ಕೊಂಡ ಬಾಟಲಿಯ ನೀರು. ನಮ್ಮ ಬಾವಿಯದ್ದೇ ಎಂದು ಹೇಳಿ ಬಿಟ್ಟೆ. ಒಂದು ಗುಟುಕು ಬಾಯಲ್ಲೇ ನಿಂತು, ಕೆನ್ನೆಯ ಮೇಲೆ ಇಳಿದುಹೋಯಿತು.