ಸುಣ್ಣದ ಗುರುತು

ಕಳೆದ ವಾರ ನಮ್ಮ ಹಳೆಯ ಸಣ್ಣ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಲು ಮೆಕ್ಯಾನಿಕ್ ಮನೆಗೇ ಬಂದಿದ್ದ. ಅವನು ಪೊಟ್ಟಣ ಹರಿದದ್ದೇ ತಡ, ಹೊಸ ರಬ್ಬರಿನ ವಾಸನೆ ಅಂಗಳಕ್ಕೆಲ್ಲ ಹಬ್ಬಿತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ಮಾಡಿದ ಚಹಾ ಕುಡಿಯುವುದನ್ನೇ ಮರೆತೆ. ಬೈಲಹೊಂಗಲದ ನಮ್ಮ ಮನೆ ಕಣ್ಣೆದುರು ಬಂದಿತ್ತು. ಈಗ ಅಲ್ಲಿ ಯಾರದೋ ಅಂಗಡಿಸಾಲು ಇದೆ.

ಅಪ್ಪ ಸಂಪಗಾಂವದ ಪೌರೋಹಿತ್ಯದ ಮನೆತನದವರು. ಆದರೆ ಅವರ ಕೈಗೆ ಪಂಚಾಂಗಕ್ಕಿಂತ ನಟ್ಟು ಬಿಚ್ಚುವ ಪಾನಾ ಹೆಚ್ಚು ಒಗ್ಗುತ್ತಿತ್ತು. ಕಾರಿನ ಕೆಲಸಕ್ಕೆ ಹೊರಗಿನವರನ್ನು ಕರೆಯುವುದೆಂದರೆ ಅವರಿಗೆ ಅವಮಾನ. ನನ್ನ ಬಾಲ್ಯದಲ್ಲೊಮ್ಮೆ, ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ಹಿಂದಿನ ದಿನ ಅವರು ಹಳೆಯ ಬೆಲ್ಟ್ ಬಿಚ್ಚಿಟ್ಟು ಕೂತಾಗಲೇ ರಾಮದುರ್ಗದಿಂದ ಫೋನ್ ಬಂತು. ಅವ್ವನ ತಾಯಿಗೆ ಜಡ್ಡು ಜೋರಾಗಿತ್ತು. "ಬಸ್ಸಿನ್ಯಾಗ ಯಾಕ ಒದ್ದಾಡತಿ? ನಾಳೆ ಮುಂಜಾನಿ ಜೋಡಸ್ತೀನಿ, ಕಾರಿನ್ಯಾಗs ಹೋಗೂಣು" ಎಂದರು ಅಪ್ಪ. ಅವ್ವ ಅರೆಮನಸ್ಸಿನಿಂದ ಒಪ್ಪಿದಳು.

ಆ ಬೆಲ್ಟು ತಿರುಗಿಸುವ ಮೇಲಿನ, ಕೆಳಗಿನ ಹಲ್ಲಿನ ಚಕ್ರಗಳು ಒಂದಕ್ಕೊಂದು ಹೊಂದಿರಬೇಕು, ಇಲ್ಲದಿದ್ದರೆ ಎಂಜಿನ್ನೇ ಕೆಡುತ್ತದೆ. ಕಂಪನಿಯ ಗುರುತು ತುಕ್ಕಿನಲ್ಲಿ ಮಾಸಿದ್ದರಿಂದ ಅಪ್ಪ ಎಲೆಯಡಿಕೆಯ ಸುಣ್ಣದಿಂದ ತಾವೇ ಗುರುತು ಹಾಕಿದ್ದರು. ಮರುದಿನ ಬೆಳಕು ಹರಿಯುತ್ತಲೇ ಅವ್ವ ಮಡಿಯುಟ್ಟು, ಈಳಿಗೆ, ಕತ್ತರಿ, ಪಾನಾಗಳ ಜೊತೆಗೆ ಬಿಚ್ಚಿಟ್ಟ ಎಂಜಿನ್ನನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಚಕ್ರ ತಿರುವಿ ತಿರುವಿ ಸ್ವಚ್ಛ ಮಾಡಿ, ಗಂಧ ಕುಂಕುಮ ಹಚ್ಚಿದಳು. ತಾಯಿಯ ಹತ್ತಿರ ಬೇಗ ಮುಟ್ಟಿಸೆಂದು ಕಾರಿಗೇ ಕೈಮುಗಿದಳು.

"ಸುಣ್ಣ ಯಾರು ಒರಿಸಿದ್ರು?" ಅಪ್ಪನ ದನಿ ಅಡುಗೆಮನೆಗೆ ಕೇಳಿತು.

"ನಾನs ರೀ. ಪೂಜಿಗೆ ಹೊಲಸು ಇರಬಾರದಂತ..."

ಅಪ್ಪ ಬೈಯಲಿಲ್ಲ. ಹೊಸ ಬೆಲ್ಟ್ ಹಾಕಿದರು, ಕೈಯಿಂದ ತಿರುಗಿಸಿದರು, ಸಿಕ್ಕಿಕೊಂಡಿತು, ಬಿಚ್ಚಿದರು, ಮತ್ತೆ ಹಾಕಿದರು. ಅವ್ವ ಕೈಚೀಲ ಹಿಡಿದು ತಲಬಾಗಿಲಿಗೂ ಅಂಗಳಕ್ಕೂ ಅಡ್ಡಾಡಿದಳು. ಅವಳ ಹಿಂದೆ ನಾನೂ ಅಡ್ಡಾಡಿದೆ. ಹೊತ್ತು ನೆತ್ತಿಗೆ ಬಂತು. "ನನಗ ಇನ್ನ ತಡ್ಕೊಳ್ಳಿಕ್ಕೆ ಆಗೂದಿಲ್ಲ, ಬಸ್ಸಿಗೆ ಹೋಗತೇನಿ" ಎಂದವಳೇ ಹೊರಟುಬಿಟ್ಟಳು.

ಇಳಿಹೊತ್ತಿಗೆ ಕಾರು ಚಾಲೂ ಆಯಿತು. ಅಪ್ಪ, ನಾನು ಸವದತ್ತಿ ದಾಟಿ ರಾಮದುರ್ಗ ಮುಟ್ಟಿದಾಗ ಅಜ್ಜಿ ಇರಲಿಲ್ಲ. ಅವ್ವ ಮುಟ್ಟಿದಾಗ ಅಜ್ಜಿಗೆ ಉಸಿರಿತ್ತಂತೆ, ಮಾತು ನಿಂತಿತ್ತಂತೆ. ಅಪ್ಪ ಹೊಸ್ತಿಲ ಹೊರಗೇ ನಿಂತರು. "ಮುಂಜಾನೆನs ನಿನ್ನ ಬಸ್ಸಿಗೆ ಹತ್ತಸಬೇಕಾಗಿತ್ತು" ಎಂದರು. ಅವ್ವ ಎದ್ದು ಬಂದು, ಎಣ್ಣೆಯಿಂದ ಕರಿದಾದ ಅವರ ಕೈ ನೋಡಿದಳು. "ಬರ್ರಿ, ಕೈ ತೊಳಕೋರಿ" ಎಂದು ಹಿತ್ತಿಲಿಗೆ ಕರೆದೊಯ್ದು ನೀರು ಹಾಕಿದಳು. ಹಾಕುತ್ತ ಹಾಕುತ್ತಲೇ ಅತ್ತಳು.

ಮುಂದೆ ಆ ದಿನದ ಮಾತು ಬಂದಾಗೆಲ್ಲ ಅವಳು ತಪ್ಪು ತನ್ನದೆನ್ನುವಳು, ಅವರು ತಮ್ಮದೆನ್ನುವರು. ನಿಮ್ಮ ಮನೆಯಲ್ಲೂ ಇಂಥ ಜಗಳ ಮಾಡುವವರು ಇದ್ದಿರಬೇಕು. ನನಗದು ಕೇಳಿ ಕೇಳಿ ಬೇಸರವಾಗಿ ಎದ್ದು ಹೋಗುತ್ತಿದ್ದೆ. ತಪ್ಪು ಯಾರದೂ ಅಲ್ಲವೆಂದು ಈಗ ಇಬ್ಬರಿಗೂ ಕೂಡಿಸಿ ಹೇಳಬೇಕೆನಿಸುತ್ತದೆ. ಇಬ್ಬರೂ ಇಲ್ಲ.